ಅರ್ಕಾವತ್ತಿನ ಜಾಗ

ಮೈಸೂರು ಸರಸ್ವತಿಪುರಂನ ಸಿದ್ದಲಿಂಗಸ್ವಾಮಿಯವರಿಗೆ ಕಂಪ್ಯೂಟರ್ ಲೋಕಕ್ಕೆ ಬಂದ ಪ್ರತಿಯೊಂದು ಹೊಸದರ ಬಗ್ಗೆಯೂ ಅಭಿಪ್ರಾಯವಿತ್ತು. ಅದು ಯಾವಾಗಲೂ ಒಂದೇ: ಇದು ಬಹಳ ದಿನ ಬಾಳುವುದಿಲ್ಲ. ವಿಂಡೋಸ್ ಬಂದಾಗ, ಚಿತ್ರ ಒತ್ತಿ ಕೆಲಸ ಮಾಡುವುದು ಓದು ಬಾರದವರಿಗೆ ಎಂದರು. ಇಂಟರ್‌ನೆಟ್ ಬಂದಾಗ, ಫೋನಿನಲ್ಲಿ ಮಾತಾಡಲು ಯಾರೂ ಇಲ್ಲದವರಿಗೆ ಎಂದರು. ಜಾವಾ ಹೇಳಿಕೊಡಿ ಎಂದು ಅವರು ಪಾಠ ಹೇಳುತ್ತಿದ್ದ ಟ್ಯುಟೋರಿಯಲ್ಲಿನ ಹುಡುಗರು ಪೀಡಿಸಿದಾಗ, "ಮಂಡಕಳ್ಳಿಯ ಖಾಲಿ ರನ್‌ವೇಗೆ ವಿಮಾನ ಬರ್ಲಿ, ಆಮೇಲೆ ಕಲಿಯೋಣ ಬುಡ್ರಪ್ಪ" ಎಂದರು. ಹುಡುಗರು ವಿಮಾನಕ್ಕೆ ಕಾಯಲಿಲ್ಲ, ಪಕ್ಕದ ರಸ್ತೆಯ ಟ್ಯುಟೋರಿಯಲ್ಲಿಗೆ ಹೋದರು.

ತಂದೆ ಸದಾಶಿವಯ್ಯನವರದು ವಿಭೂತಿ, ಊದಿನಕಡ್ಡಿ, ಕರ್ಪೂರದ ಅಂಗಡಿ. ಡಿಪ್ಲೊಮಾ ಮುಗಿಸಿದ ಮಗ ಅಂಗಡಿಯಲ್ಲಿ ಕೂರಲು ಒಪ್ಪದೆ, ಹಟ ಹಿಡಿದು ಒಂದು ಕಂಪ್ಯೂಟರ್ ಕೊಡಿಸಿಕೊಂಡ. ಸದಾಶಿವಯ್ಯನವರು ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಒಂದು ಸುತ್ತು ಬಂದು ನೋಡಿ, "ಇದು ಬಾಳಿಕೆ ಬರುತ್ತೇನಪ್ಪ?" ಎಂದರು. ಅನುಮಾನ ವಂಶದಲ್ಲೇ ಇತ್ತು.

ಸಿದ್ದಲಿಂಗಸ್ವಾಮಿಯವರ ಬಾಳಿನ ದೊಡ್ಡ ಕೆಲಸ ಆದದ್ದು ತೊಂಬತ್ನಾಲ್ಕರಲ್ಲಿ. ನಿವೃತ್ತ ಶಿಕ್ಷಕಿ ಗಿರಿಜಾಂಬಾ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ವಧೂವರರ ಕೇಂದ್ರ ನಡೆಸುತ್ತಿದ್ದರು. ಅವರಿಗಾಗಿ ಇವರು ಫಾಕ್ಸ್‌ಪ್ರೊ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದರು, ಅದೂ ಕನ್ನಡದಲ್ಲಿ. ಅಕ್ಷರಗಳು ಎಲ್ಲೂ ಸರಿಯಾದವು ಸಿಗಲಿಲ್ಲವೆಂದು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ತಾವೇ ಮಾಡಿಕೊಂಡರು. ಅರ್ಕಾವತ್ತನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ‘ಸರ್ಕಾರಿ’ ಎಂದು ಕೈಯಲ್ಲಿ ಬರೆದು ನೋಡಿದರು. ಮೊದಲು ಸ, ಆಮೇಲೆ ಕಾ, ಅದರ ಪಕ್ಕದಲ್ಲಿ ಅರ್ಕಾವತ್ತು, ಕೊನೆಗೆ ರಿ. ಬಾಯಿ ಮೊದಲು ಹೇಳುವುದನ್ನು ಕೈ ಆಮೇಲೆ ಬರೆಯುತ್ತದೆ. ಅವರು ಕೈಯ ಮಾತು ಕೇಳಿದರು, ಪ್ರೋಗ್ರಾಂ ಅದೇ ಸಾಲಿನಲ್ಲಿ ಅಕ್ಷರಗಳನ್ನು ಇಟ್ಟುಕೊಂಡಿತು. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆ ಕೋಣೆಯಿಂದ ಬೇಕಾದಷ್ಟು ಮದುವೆಗಳೂ ಆದವು.

ವಾರಕ್ಕೊಮ್ಮೆ ಹೋಗಿ ಪ್ರೋಗ್ರಾಮಿನ ಯೋಗಕ್ಷೇಮ ನೋಡಿ, ಕಾಫಿ ಕುಡಿದು ಬರುವುದು ಅವರ ಪದ್ಧತಿ. ಬೇರೆ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಅಕ್ಕಿ ಗಿರಣಿಯವರು ವಿಂಡೋಸಿಗೆ ಹೋದರು, ನರ್ಸಿಂಗ್ ಹೋಮಿನವರು ಹೇಳದೆಯೇ ಹೋದರು. ಎರಡು ಸಾವಿರದ ಆರರ ಹೊತ್ತಿಗೆ ಉಳಿದಿದ್ದು ಗಿರಿಜಾಂಬಾ ಮಾತ್ರ. ಆ ಪ್ರೋಗ್ರಾಂ ಇರುವವರೆಗೆ ತಾನು ಪ್ರೋಗ್ರಾಮರ್, ಅದು ಹೋದರೆ ಬರೀ ಸಿದ್ದಲಿಂಗಸ್ವಾಮಿ. ಇದು ಅವರಿಗೂ ಗೊತ್ತಿತ್ತು, ಹೆಂಡತಿ ಶಾರದಮ್ಮನಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಆ ವರ್ಷವೇ ಗಿರಿಜಾಂಬಾ ಮಾತೆತ್ತಿದರು. "ಸ್ವಾಮಿಯೋರೆ, ಈಗ ಎಲ್ರೂ ಮನೇಲೇ ಕೂತು ನೆಟ್‌ನಲ್ಲಿ ಗಂಡು ನೋಡ್ತಾರಂತೆ ಕಣ್ರೀ. ನಮ್ಮಣ್ಣನ ಮಗಳು ರಕ್ಷಿತಾ ನಮ್ದೂ ಹಂಗೇ ಮಾಡ್ಕೊಡ್ತೀನಿ ಅಂತಿದ್ದಾಳೆ. ನೀವೂ ಜೊತೇಲಿರಿ."

ರಕ್ಷಿತಾ ಲ್ಯಾಪ್‌ಟಾಪ್ ತಂದಳು. ಒಂದು ಫ್ರೇಮ್‌ವರ್ಕ್ ಬಳಸುತ್ತೇನೆ, ಅರ್ಧ ಕೆಲಸ ಅದೇ ಮಾಡುತ್ತದೆ ಎಂದಳು.

"ಫ್ರೇಮ್‌ವರ್ಕ್ ಅಂದ್ರೆ ಬೇರೆಯವರ ಅಡುಗೆಮನೇಲಿ ಅಡುಗೆ ಮಾಡ್ದಂಗೆ ಕಣಮ್ಮ" ಎಂದರು ಸಿದ್ದಲಿಂಗಸ್ವಾಮಿ. "ಉಪ್ಪಿನ ಡಬ್ಬಿ ಹುಡುಕೋದ್ರಲ್ಲೇ ಒಗ್ಗರಣೆ ಸೀದೋಗುತ್ತೆ."

"ಹೌದು ಸರ್. ಆದ್ರೆ ಅಲ್ಲಿ ಒಲೆ ಇರುತ್ತಲ್ಲ. ನೀವು ಒಲೆಗೆ ಮಣ್ಣು ಕಲಸೋದ್ರಿಂದ ಶುರು ಮಾಡಿದ್ದೀರಿ."

ಹುಡುಗಿ ಚೂಟಿ ಎಂದುಕೊಂಡರು. ಅವಳನ್ನು ದ್ವೇಷಿಸಬೇಕೆಂದು ಬಂದವರಿಗೆ ಅದು ಆಗಲಿಲ್ಲ.

ಹಳೆಯ ಮಾಹಿತಿಯನ್ನೆಲ್ಲ ಅವಳು ಹೊಸದಕ್ಕೆ ಸಾಗಿಸಿದಳು. ಪರೀಕ್ಷೆ ಮಾಡುವ ದಿನ, ಹಳೆಯದರಲ್ಲಿ ಮಗಳ ಹೆಸರು ಬರೆಸಿದ್ದ ಹೂಟಗಳ್ಳಿಯ ಲಕ್ಷ್ಮಮ್ಮ ಗಂಡು ನೋಡಲು ಬಂದಿದ್ದರು. ಅವರದು ಒಂದೇ ಷರತ್ತು, ಹುಡುಗ ಸರ್ಕಾರಿ ನೌಕರ ಆಗಿರಬೇಕು. ರಕ್ಷಿತಾ ಅದನ್ನೇ ಟೈಪ್ ಮಾಡಿ ಹುಡುಕಿದಳು. ಇಡೀ ಮೈಸೂರಿನಲ್ಲಿ ಸರ್ಕಾರಿ ನೌಕರಿಯಲ್ಲಿರುವ ವರ ಒಬ್ಬನೂ ಇಲ್ಲ ಎಂದು ಹೊಸ ಪ್ರೋಗ್ರಾಂ ತಿಳಿಸಿತು.

"ಎಂಗೆ ಮೇಡಮ್ಮೋರೆ? ನಮ್ಮ ಬೀದೀಲೇ ಮೂರ್ ಜನ ಅವ್ರೆ!"

ರಕ್ಷಿತಾ ಮತ್ತೆ ಹುಡುಕಿದಳು. ಇಲ್ಲ. ಹುಡುಗಿಯ ಪುಟವನ್ನಾದರೂ ನೋಡೋಣವೆಂದು ತೆರೆದಳು. ಲಕ್ಷ್ಮಮ್ಮ ಬಗ್ಗಿ ಅಕ್ಷರ ಕೂಡಿಸಿ ಓದಿದರು. "ವ...ಷಿರ್...ಣಿ. ಇದ್ಯಾರು ವಷಿರ್ಣಿ? ನನ್ ಮಗಳು ವರ್ಷಿಣಿ ಕಣವ್ವ." ಕೆಳಗೆ, ಬೇಕಾದ ವರ ಎಂಬಲ್ಲಿ ‘ಸಕಾರ್ರಿ ನೌಕರ’ ಎಂದಿತ್ತು. ಅಂಥವನು ಮೈಸೂರಿನಲ್ಲಿ ಯಾರೂ ಇರಲಿಲ್ಲ, ನಿಜ.

ರಕ್ಷಿತಾಳ ಮುಖ ಸಣ್ಣಗಾಯಿತು. ಗಿರಿಜಾಂಬಾ ನಿಟ್ಟುಸಿರು ಬಿಟ್ಟರು. "ಬೇಡ ಬುಡು ರಕ್ಷಿತಾ. ಸ್ವಾಮಿಯೋರು ಹೇಳಿದ್ದೇ ಸರಿ. ಹಳೇದೇ ಇರ್ಲಿ."

ನೀವು ಹೇಳಿದ್ದೇ ಸರಿ ಎಂಬ ಮಾತನ್ನು ಸಿದ್ದಲಿಂಗಸ್ವಾಮಿಯವರು ಹೊಸದರ ವಿಷಯದಲ್ಲಿ ಕೇಳಿದ್ದು ಅದೇ ಮೊದಲು. ಬಹಳ ಸುಖವಾಯಿತು. ಏನೂ ಮಾಡಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡು ಕಾಫಿ ಕುಡಿದರೆ ಸಾಕಿತ್ತು. ತಪ್ಪು ಎಲ್ಲಿದೆಯೆಂದು ಅವರಿಗೆ ಆಗಲೇ ಹೊಳೆದಿತ್ತು.

"ಅಲ್ಲ ಸಾ" ಎಂದರು ಲಕ್ಷ್ಮಮ್ಮ, ಅವರ ಕಡೆ ತಿರುಗಿ. "ನೋಡ್ದೋರೆಲ್ಲ ನನ್ ಮಗಳನ್ನ ಇಂಗೇ ಕರೀತಾರಾ?"

ಅವರು ಲೋಟ ಕೆಳಗಿಟ್ಟರು. "ಇಲ್ಲ ಕಣಮ್ಮ. ರಕ್ಷಿತಾ, ನಿನ್ನದು ಸರಿಯಾಗಿದೆ. ಎಡವಟ್ಟು ನನ್ನದು."

ಅರ್ಕಾವತ್ತನ್ನು ತಾವು ಎಲ್ಲಿಟ್ಟದ್ದು, ಯಾಕೆ ಇಟ್ಟದ್ದು ಎಂದು ಹೇಳಿದರು. ರಕ್ಷಿತಾ ಕೇಳಿಸಿಕೊಂಡು, "ಓ, ನೀವು ಬರೆಯೋ ಥರ ಇಟ್ಟಿದ್ದೀರಿ, ಇದು ಓದೋ ಥರ ಇಡುತ್ತೆ" ಎಂದಳು. ಅವರು ಯೋಚಿಸಿದರು. ಹೆಸರು ಹಿಡಿದು ಹುಡುಕುವವರು ಅದನ್ನು ಬಾಯಲ್ಲಿ ಹೇಳಿಕೊಂಡೇ ಹುಡುಕುತ್ತಾರೆ. "ಓದೋ ಥರವೇ ಸರಿ" ಎಂದರು. ಅಷ್ಟು ಹೇಳಲು ಅವರಿಗೆ ಕಷ್ಟವಾಯಿತು.

ಇಬ್ಬರೂ ಕೂತರು. ಅರ್ಕಾವತ್ತು ಕಂಡಲ್ಲೆಲ್ಲ ಅದನ್ನೆತ್ತಿ, ಅದರ ಹಿಂದಿನ ಇಡೀ ಅಕ್ಷರವನ್ನು ಗುಣಿತ ಒತ್ತಕ್ಷರ ಸಮೇತ ದಾಟಿಸಿ, ಆ ಅಕ್ಷರಕ್ಕಿಂತ ಮುಂಚೆ ಕೂರಿಸಬೇಕು. ಅವರು ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ಊಟದ ಹೊತ್ತಿಗೆ ಸರ್ಕಾರಿ ನೌಕರರು ಬಂದರು. ಸಾರಿಗೆ, ವಿದ್ಯುತ್, ಕಂದಾಯ, ಪರದೆ ತುಂಬ. ಲಕ್ಷ್ಮಮ್ಮ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಕೂತರು.

ಹಳೆಯ ಕಂಪ್ಯೂಟರಿನ ಕಡೆ ಯಾರೂ ನೋಡಲಿಲ್ಲ. ಸಿದ್ದಲಿಂಗಸ್ವಾಮಿಯವರೇ ಹೋಗಿ ಅದನ್ನು ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ವೈರು ಸುತ್ತಿಟ್ಟರು. ಎರಡು ಸಲ ಕೆಮ್ಮಿದರು. ಧೂಳಿಗೆ ಕೆಮ್ಮು ಬಂತು ಎಂದರು.

ಗಿರಿಜಾಂಬಾ ಗೇಟಿನವರೆಗೂ ಬಂದರು. "ಮುಂದಿನ ವಾರ ಬನ್ನಿ."

"ಬಂದು ಏನ್ ಮಾಡ್ಲಿ?"

ಗಿರಿಜಾಂಬಾ ಕೋಣೆಯ ಕಡೆ ನೋಡಿದರು. ಹೇಳಲು ಒಂದು ಕೆಲಸ ಹುಡುಕಿದರು, ಸಿಗಲಿಲ್ಲ. "ಸುಮ್ನೆ ಬನ್ನಿ" ಎಂದರು.

ಮುಂದಿನ ವಾರ ಸಿದ್ದಲಿಂಗಸ್ವಾಮಿ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ಚಪ್ಪಲಿ ಮೆಟ್ಟಿ ಹೊರಟರು. ತಮ್ಮ ಮನೆಯ ಗೇಟಿನ ಹತ್ತಿರವೇ ನಿಂತರು. ಇನ್ನೊಬ್ಬರ ಮನೆಗೆ ಸುಮ್ಮನೆ ಹೋಗುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಒಳಗೆ ಬಂದು, ಕಾಫಿ ಮಾಡು ಎಂದು ಶಾರದಮ್ಮನಿಗೆ ಹೇಳಿದರು.