ಕಪ್ಪೆ ಮಾಸ್ತರರೂ ನಮ್ಮ ಮನೆಯ ಬೆಳಕಿಂಡಿಯೂ

ಬಾಗಲಕೋಟೆಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಪ್ರೊಫೆಸರರನ್ನು ಊರೆಲ್ಲ ಕಪ್ಪೆ ಮಾಸ್ತರ ಎಂದೇ ಕರೆಯುತ್ತಿತ್ತು. ಅವರು ಭ್ರೂಣ ವಿಜ್ಞಾನಿ. ಮೊಟ್ಟೆಯೊಳಗಿನ ಯಾವ ಚೂರು ಕಣ್ಣಾಗಬೇಕು, ಯಾವುದು ಕಾಲಾಗಬೇಕು ಎಂಬುದು ಯಾವ ಗಳಿಗೆಯಲ್ಲಿ ನಿಕ್ಕಿಯಾಗುತ್ತದೆ ಎಂದು ಹುಡುಕುತ್ತ ಕಪ್ಪೆ ಮೊಟ್ಟೆಗಳ ಸಂಗಡ ಆಯುಷ್ಯ ಕಳೆದವರು. ಪುಣೆ, ಮದ್ರಾಸಿನಿಂದ ದೊಡ್ಡ ದೊಡ್ಡವರು ಅವರನ್ನು ಕಾಣಲು ಬರುತ್ತಿದ್ದರು. ಬಂದವರನ್ನು ಸರ್ ನೇರ ಹೊಳೆದಂಡೆಗೆ ಕರೆದೊಯ್ದು ಬೂಟು ಬಿಚ್ಚಿಸಿ ಕೆಸರಿಗೆ ಇಳಿಸುತ್ತಿದ್ದರು. ಮೊದಲ ಮಳೆ ಬಿದ್ದ ಮರುದಿನ ನಮ್ಮ ಕ್ಲಾಸು ನಡೆಯುವುದೂ ಅಲ್ಲೇ. ಸೀರೆ ಎತ್ತಿ ಸಿಕ್ಕಿಸಿಕೊಂಡು ಸೌಟಿನಲ್ಲಿ ಕಪ್ಪೆ ಮೊಟ್ಟೆ ತೋಡುತ್ತಿದ್ದ ನಮ್ಮನ್ನು ಕಂಡು ಎಮ್ಮೆ ಮೈತೊಳೆಯುವವರು, "ಸಾರು ಭಾಳ ತೆಳ್ಳಗ ಆಗೇತೇನ್ರವಾ?" ಎಂದು ನಗುತ್ತಿದ್ದರು. ಆ ದಂಡೆ ಈಗ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಜನ ನವನಗರಕ್ಕೆ ಹೋದರು, ಕಪ್ಪೆಗಳು ತಕರಾರು ಮಾಡಲಿಲ್ಲ.

ನಾನು ಗುಡೂರಿನ ಕಡೆಯ ಕುರಿ ಕಾಯುವವರ ಮಗಳು. ಬೀರಪ್ಪ ದೇವರ ಒಕ್ಕಲು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲ ಜೀವ ನಾನೇ. ಅದರ ಸೊಕ್ಕು ನನಗೆ ಇವತ್ತಿಗೂ ಇದೆ. ಇರಲಿ, ಪುಕ್ಕಟೆ ಸಿಕ್ಕಿದ್ದಲ್ಲ.

ಇಳಕಲ್ಲಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ವರ್ಷವೇ ಆ ದೊಡ್ಡ ಸೂರ್ಯಗ್ರಹಣ ಬಂತು. ಮಧ್ಯಾಹ್ನವೇ ಕತ್ತಲಾಗುತ್ತದಂತೆ. ಬಸುರಿ ಗ್ರಹಣ ಕಂಡರೆ ಕೂಸಿನ ತುಟಿ ಸೀಳಿ ಹುಟ್ಟುತ್ತದೆ ಎನ್ನುವುದನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ನನಗೆ ಒಂಬತ್ತು ತಿಂಗಳು ತುಂಬಿತ್ತು. ಅದಲ್ಲದೆ ತಂಗಿಯನ್ನು ಕಾಲೇಜಿಗೆ ಹಚ್ಚುವ ಮಾತು ಮನೆಯಲ್ಲಿ ನಡೆದಿತ್ತು. ದೊಡ್ಡಪ್ಪ ಒಂದೇ ಮಾತಿನಲ್ಲಿ ಕೀಲಿ ಹಾಕಿದ್ದ: "ದೊಡ್ಡಾಕಿ ಕಲತು ಕೆಟ್ಟಾಳೋ ಸುದ್ದ ಆಗ್ಯಾಳೋ, ಮೊದಲ ಕೂಸು ಕೈಗೆ ಬರ್ಲಿ. ಆಮ್ಯಾಲ ಸಣ್ಣಾಕಿ ಮಾತು." ಕೂಸಿನ ತುಟಿಯಲ್ಲಿ ನೂಲಿನಷ್ಟು ಸೀಳು ಕಂಡರೂ ತಂಗಿಯ ಕಾಲೇಜು ಅಲ್ಲಿಗೇ ಮುಗಿಯಿತು.

ಗ್ರಹಣದ ದಿನ ಬೆಳಗಿನ ಬಸ್ಸಿಗೆ ಸರ್ ಬಂದಿಳಿದರು. ಅಂಥ ದಿನ ಬಸ್ಸು ಹತ್ತಿದವರು ಡ್ರೈವರ್, ಕಂಡಕ್ಟರ್ ಬಿಟ್ಟರೆ ಅವರೊಬ್ಬರೇ. ಕೈಯಲ್ಲಿ ಮಸಿ ಹಿಡಿಸಿದ ಗಾಜು, ಬಗಲಲ್ಲಿ ಚುರುಮುರಿ ಪೊಟ್ಟಣ. ನಮ್ಮ ಕಡೆ ಕತ್ತಲು ಹೆಚ್ಚು ಹೊತ್ತು ನಿಲ್ಲುತ್ತದೆ, ಅದಕ್ಕೇ ಬಂದೆ ಎಂದರು. ಪಡಸಾಲೆಯಲ್ಲಿ ಕುಳಿತವರೇ ಅವ್ವನಿಗೆ ಪಾಠ ಶುರು ಮಾಡಿದರು. ನಾನು ಬಾಗಿಲ ಮರೆಯಲ್ಲಿದ್ದೆ.

"ನೋಡವಾ, ತುಟಿ ಕೂಡೂದು ಎರಡನೇ ತಿಂಗಳದಾಗ. ಈಕಿಗೀಗ ಒಂಬತ್ತು. ಬಸ್ಸು ಬಿಟ್ಟು ಹೋದ ಮ್ಯಾಲ ಸ್ಟ್ಯಾಂಡಿನ್ಯಾಗ ನಿಂತು ಕಲ್ಲು ಒಗದ್ರ ಬಸ್ಸಿಗೆ ತಾಕತೈತೇನು?"

ಸರ್ ಈಗಿಲ್ಲ. ಆದರೆ ಬಾದಾಮಿಯಿಂದ ಹುನಗುಂದದವರೆಗೆ ಅವರ ಕೈಯಲ್ಲಿ ಕಲಿತ ಅಕ್ಕೋರು, ಮಾಸ್ತರರು ಇಂದಿಗೂ ಬಸುರಿಯರ ಮುಂದೆ ಈ ಬಸ್ಸನ್ನೇ ಬಿಡುತ್ತಾರೆ. ಅವತ್ತು ನಮ್ಮವ್ವನ ಮುಂದೆ ಮಾತ್ರ ಅದು ಸ್ಟಾರ್ಟ್ ಆಗಲಿಲ್ಲ.

"ಬಸ್ಸಿನ ಸುದ್ದಿ ನನಗೇನ್ ತಿಳೀತೈತ್ರಿ ಸರ."

"ಹೋಗ್ಲಿ, ಕುರಿ ಸುದ್ದಿ ತಿಳೀತೈತಿಲ್ಲ? ಗಬ್ಬದ ಕುರಿ ಎಲ್ಲಾ ಬಯಲಾಗ ನಿಂತು ಗ್ರಹಣ ನೋಡ್ತಾವ. ಅವನ್ನ ಯಾರು ಕೂಡಿಹಾಕ್ತಾರ?"

"ಕುರಿ ಕಾಲೇಜು ಕಲತಿಲ್ರಿ," ಎಂದಳು ಅವ್ವ. "ಅದರ ಮರಿಗೆ ಏನಾದ್ರೂ ಯಾರೂ ಕಾಲೇಜಿಗೆ ಬೈಯೂದಿಲ್ಲ. ಈಕಿ ಕೂಸಿಗೆ ಏನಾದ್ರ ನನ್ನ ಸಣ್ಣಾಕಿ ಕುರಿ ಹಿಂದ ಹೋಗ್ತಾಳ."

ಸರ್ ಚುರುಮುರಿ ಅಗಿಯುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಅವ್ವ ಇನ್ನೊಂದು ಕೇಳಿದಳು: "ನಿಮ್ಮ ಸೊಸಿನೂ ಬಸರದಾಳಂತ? ಆಕಿ ಇವತ್ತ ಎಲ್ಲಿದ್ದಾಳ್ರಿ?"

ನೋಡದ ಭ್ರೂಣವನ್ನು ನೋಡಿದಂತೆ ಚಿತ್ರ ಬಿಡಿಸಿದವರಿಗೆ ಸೊನ್ನೆ ಕೊಡುತ್ತಿದ್ದ ಮನುಷ್ಯ. ಸುಳ್ಳು ಹೇಳಲು ಬರುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮನಿಯಾಕಿ ಒಳಗ ಹಾಕಿ ಚಿಲಕ ಜಡದಾಳವಾ. ನಾ ಜಗಳಾಡೇ ಬಸ್ಸು ಹತ್ತೀನಿ."

"ಹಂಗಾದ್ರ ಏಳ್ರಿ, ಗ್ರಹಣ ಹಿಡಿಯೂದ್ರಾಗ ಎರಡು ರೊಟ್ಟಿ ಉಣ್ರಿ," ಎಂದು ಅವ್ವ ತಾಟು ಹಾಕಿದಳು. ಭ್ರೂಣ ವಿಜ್ಞಾನ ಸುಮ್ಮನೆ ಕುಳಿತು ಉಂಡಿತು.

ಊಟವಾದ ಮೇಲೆ ಸರ್ ಗಾಜು ಹಿಡಿದು ಬಯಲಿಗೆ ಹೋದರು. ಮನೆಯವರು ನನ್ನನ್ನು ಒಳಕೋಣೆಗೆ ಹಾಕಿ ಬಾಗಿಲು ಮುಚ್ಚಿದರು. ನಮ್ಮದು ಮಣ್ಣಿನ ಚಪ್ಪಟೆ ಮಾಳಿಗೆಯ ಮನೆ. ಕೋಣೆಗೆ ಕಿಟಕಿಯಿಲ್ಲ, ಮೇಲೆ ಒಂದು ಬೆಳಕಿಂಡಿ. ಅದರಿಂದ ಎಳ್ಳಷ್ಟೂ ಗ್ರಹಣ ಇಳಿಯಬಾರದೆಂದು ಅವ್ವ ತಂಗಿಯನ್ನು ಮಾಳಿಗೆ ಹತ್ತಿಸಿ, ಬಿದಿರು ಬುಟ್ಟಿಯೊಂದನ್ನು ಬೋರಲು ಹಾಕಿಸಿದಳು.

ಬುಟ್ಟಿಯ ಹೆಣಿಗೆಯ ಸಂದುಗಳಿಂದ ಬಿಸಿಲು ಓರೆಯಾಗಿ ಇಳಿದು ಗೋಡೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ನಾನು ಆ ಗೋಡೆಗೇ ಒರಗಿ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ನೋಡಿದರೆ ದುಂಡಗಿದ್ದ ಚುಕ್ಕೆಗಳೆಲ್ಲ ಕುಡುಗೋಲಾಗಿವೆ! ಸಣ್ಣ ತೂತಿನಿಂದ ಬಂದ ಬೆಳಕು ಸೂರ್ಯನ ಚಿತ್ರವನ್ನೇ ಹೊತ್ತು ತರುತ್ತದೆ ಎಂದು ಓದಿದ್ದೆ, ಕಂಡಿರಲಿಲ್ಲ. ಹೊರಗೆ ಸರ್ ಒಂದು ಗ್ರಹಣ ನೋಡುತ್ತಿದ್ದರೆ, ಒಳಗೆ ನನಗೆ ಬುಟ್ಟಿ ತುಂಬ ಗ್ರಹಣ. ಗೋಡೆಯ ಮೇಲೆ, ಕೌದಿಯ ಮೇಲೆ, ನನ್ನ ಹೊಟ್ಟೆಯ ಮೇಲೆ.

ನನ್ನನ್ನು ನೋಡಿ ಹೋಗಲು ಬಂದ ಅವ್ವ ಬಾಗಿಲಲ್ಲೇ ನಿಂತಳು. ಓಡಿಬಂದು ಸೆರಗಿನಿಂದ ನನ್ನ ಹೊಟ್ಟೆ ಒರೆಸಿದಳು. ಕುಡುಗೋಲುಗಳು ಅವಳ ಕೈಯ ಮೇಲೆ ಹತ್ತಿ ಕುಳಿತವು. ಕೈ ಕೊಡವಿದಳು, ಬಳೆಯ ಮೇಲೆ ಬಂದವು. ಕೊನೆಗೆ ಸೋತು ನನ್ನ ಪಕ್ಕದಲ್ಲೇ ಕುಳಿತು, ಅಂಗೈ ಬಿಚ್ಚಿ, ಅದರಲ್ಲಿ ಸೂರ್ಯ ಸಣ್ಣಗಾಗುವುದನ್ನು ನೋಡತೊಡಗಿದಳು. ಅಂಗೈ ಕತ್ತಲಾಯಿತು. ಹೊರಗೆ ಕುರಿಗಳು ಸುಮ್ಮನಾದವು. ಮತ್ತೆ ಬೆಳಕು ಮೂಡಿದಾಗ ಅವ್ವ ಅಂದಳು: "ಯಾರ ಮುಂದೂ ಹೇಳಬ್ಯಾಡ. ಆ ಕಪ್ಪಿ ಮಾಸ್ತರ ಮುಂದಂತೂ ಬ್ಯಾಡ."

ಅಲ್ಲಿಂದ ಹೆರಿಗೆಯವರೆಗೆ ಅವ್ವ ಬೀರಪ್ಪನಿಗೆ ಅರಿಶಿನ ಭಂಡಾರದ ಹರಕೆ ಹೊರುತ್ತಲೇ ಇದ್ದಳು. ನಾನು ಭ್ರೂಣದ ಪಾಠ ಮತ್ತೆ ಮತ್ತೆ ಓದಿದೆ. ಇಬ್ಬರೂ ಒಬ್ಬರದನ್ನೊಬ್ಬರು ಕಾಣದವರಂತೆ ಇದ್ದೆವು.

ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿಯ ಕೈಯಿಂದ ಎತ್ತಿಕೊಂಡ ಅವ್ವ ಮೊದಲು ನೋಡಿದ್ದು ತುಟಿ. ಆಮೇಲೆ ಸೀದಾ ಪಡಸಾಲೆಗೆ ನಡೆದು, ದೊಡ್ಡಪ್ಪನ ಮುಖದ ಹತ್ತಿರ ಹಿಡಿದು, ಕೂಸಿನ ಅಂಗಾಲಿಗೆ ಮೆಲ್ಲಗೆ ಚಿವುಟಿದಳು. ಅದು ಬಾಯಿ ಅಗಲಿಸಿ ಕಿರುಚಿತು.

"ನೋಡ್ರಿ ಭಾವಾ. ತುಟಿ ನೋಡ್ರಿ, ಬಾಯಾಗಿನ ಅಂಗಳ ನೋಡ್ರಿ. ಸಾಕೋ, ಇನ್ನೊಮ್ಮೆ ಅಳಸ್ಲೋ?"

"ಸಾಕವಾ," ಎಂದ ದೊಡ್ಡಪ್ಪ.

ಮಳೆಗಾಲಕ್ಕೆ ತಂಗಿ ಬಾಗಲಕೋಟೆಯ ಬಸ್ಸು ಹತ್ತಿದಳು. ಅವಳ ಚೀಲದಲ್ಲಿ ಅವ್ವ ಒಂದು ಹೊಸ ಸೌಟು ಇಟ್ಟು, ಸರ್‌ಗೆ ಮಾತೊಂದನ್ನು ಹೇಳಿ ಕಳಿಸಿದಳು: "ಮುಂದಿನ ಗ್ರಹಣಕ್ಕ ನಿಮ್ಮ ಸೊಸಿನ್ನ ನಮ್ಮಲ್ಲೇ ಕೂಡಿಹಾಕ್ರಿ. ನಮ್ಮ ಬುಟ್ಟಿ ಭಾಳ ಛಲೋ ಐತಿ."