ಎರಡು ಹುಟ್ಟುಗಳ ದೋಣಿ

ದೋಣಿ ನಡೆಸುವ ಮರದ ಸಾಧನಕ್ಕೆ ಕನ್ನಡದಲ್ಲಿ ‘ಹುಟ್ಟು’ ಎನ್ನುತ್ತೇವೆ; ತಾಯಿಯ ಗರ್ಭದಿಂದ ಹೊರಬರುವುದಕ್ಕೂ ಅದೇ ಮಾತು. ಇವೆರಡರ ಮೂಲ ಒಂದೇ ಎಂದು ಸಾಧಿಸುವ ಧೈರ್ಯ ನನಗಿಲ್ಲ. ಶಾಸನಗಳ ತಿಥಿ-ವಾರಗಳನ್ನು ತಾಳೆ ನೋಡುತ್ತ ಆಯುಷ್ಯ ಸವೆಸಿದವನಿಗೆ ಆಧಾರವಿಲ್ಲದೆ ಬಾಯಿ ತೆರೆಯಬಾರದೆಂಬುದು ಒಂದು ವ್ರತ. ಆದರೆ ಒಂದು ಹುಟ್ಟಿನ ವಿಚಾರದಲ್ಲಿ ಮನಸ್ಸು ಕೆಡಿಸಿಕೊಂಡ ಇಬ್ಬರು ಮುದುಕರ ಕೈಗೆ ಇನ್ನೊಂದು ಬಗೆಯ ಹುಟ್ಟು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಮಾತ್ರ ನಾನೇ ಪ್ರತ್ಯಕ್ಷಸಾಕ್ಷಿ.

ಆ ಮುದುಕರಲ್ಲಿ ಒಬ್ಬ ನಾನು; ಇನ್ನೊಬ್ಬರು ಶ್ರೀಪತಿ ಉಪಾಧ್ಯರು. ಉಡುಪಿ ಕಡೆಯವರು, ಈಗ ನನ್ನಂತೆಯೇ ಪರದೇಶವಾಸಿ, ಸೆರಿಟೋಸ್ ಎಂಬ ಊರಿನಲ್ಲಿ ಮನೆ. ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಗೆ ಶನಿವಾರಕ್ಕೊಮ್ಮೆ ಬಂದು, ನನ್ನ ಕಾಫಿಯನ್ನು ಹಳಿದು, ಎರಡನೆಯ ಲೋಟ ಕೇಳುತ್ತಿದ್ದ ಏಕೈಕ ಸ್ನೇಹಿತರು. ಕೋವಿಡ್ ಹಿಂದೆ ಸರಿದ ಮೇಲೆ ಅವರು ತಮ್ಮ ತೀರಿಹೋದ ತಂದೆಯವರ ಜನ್ಮಶತಾಬ್ದಿಯನ್ನು ಸ್ಯಾನ್ ಡಿಯೇಗೊದಲ್ಲಿ ಏರ್ಪಡಿಸಿದರು. ಅವರ ವೃದ್ಧ ತಾಯಿ ಅಲ್ಲಿ ಕಿರಿಯ ಮಗನ ಮನೆಯಲ್ಲಿದ್ದರು. ನನ್ನನ್ನು ಎರಡು ಮಾತಾಡಲು ಕರೆದರು. ನಾನು ಎದ್ದು ನಿಂತು, ಸ್ಮರಣಪುಸ್ತಿಕೆಯಲ್ಲಿ ಅಚ್ಚಾದ ಜನ್ಮತಿಥಿಗೂ ವಾರಕ್ಕೂ ಆ ವರ್ಷದ ಪಂಚಾಂಗದಲ್ಲಿ ಹೊಂದಿಕೆಯಿಲ್ಲವೆಂದೂ, ಎರಡು ವರ್ಷ ಮುಂದಕ್ಕೆ ಹೋದರೆ ಹೊಂದುತ್ತದೆಂದೂ, ಆದಕಾರಣ ಶತಾಬ್ದಿಗೆ ಇನ್ನೂ ಎರಡು ವರ್ಷ ಕಾಲಾವಕಾಶವಿದೆಯೆಂದೂ ಸವಿವರವಾಗಿ ನಿವೇದಿಸಿದೆ. ಕೊನೆಯದನ್ನು ವಿನೋದವೆಂದು ಭಾವಿಸಿದ್ದೆ. ಸಭೆಯಲ್ಲಿ ನಕ್ಕವನು ನಾನೊಬ್ಬನೇ. ಮರುವಾರದಿಂದ ಉಪಾಧ್ಯರು ಕಾಫಿಗೆ ಬರಲಿಲ್ಲ.

ನಾನೂ ಫೋನ್ ಮಾಡಲಿಲ್ಲ. ಲೆಕ್ಕ ಸರಿಯಾಗಿದ್ದವನು ಏಕೆ ಸೋಲಬೇಕು, ನೀವೇ ಹೇಳಿ! ಹೀಗೆ ಸತ್ಯನಿಷ್ಠೆಯಿಂದ ಎರಡು ವರ್ಷ ಶನಿವಾರದ ಕಾಫಿಯನ್ನು ಒಬ್ಬನೇ ಕುಡಿದೆ.

ಈ ಮೌನವನ್ನು ಸಹಿಸದವರು ನನ್ನ ಹೆಂಡತಿ ವಿಮಲಾ ಮತ್ತು ಉಪಾಧ್ಯರ ಹೆಂಡತಿ ಸುಮತಿಯವರು. ಕೆನಡಾದ ವಾಯವ್ಯ ಮೂಲೆಯಲ್ಲಿ ಹರಿಯುವ ಯೂಕಾನ್ ನದಿಯಲ್ಲಿ ಮಾರ್ಗದರ್ಶಿಯೊಡನೆ ಐದು ದಿನದ ದೋಣಿಯಾನವನ್ನು ಇಬ್ಬರೂ ಸೇರಿ ಬುಕ್ ಮಾಡಿದರು; ಇನ್ನೊಂದು ದಂಪತಿ ಯಾರೆಂಬುದನ್ನು ವಿಮಾನ ಹತ್ತುವವರೆಗೆ ನಮ್ಮಿಬ್ಬರಿಗೂ ಹೇಳಲಿಲ್ಲ. ಹೊರಟದ್ದು ಗುರುವಾರವೆಂದು ನನ್ನ ದಿನಚರಿಯಲ್ಲಿದೆ, ಶುಕ್ರವಾರವೆಂದು ಟಿಕೆಟಿನಲ್ಲಿದೆ. ಟಿಕೆಟನ್ನೇ ನಂಬಿದ್ದೇನೆ, ಏಕೆಂದರೆ ದಿನಚರಿ ಬರೆದವನು ನಾನು.

ನದಿಯ ದಡದಲ್ಲಿ ಹೆಂಗಸರಿಬ್ಬರೂ ಒಂದು ದೋಣಿ ಹತ್ತಿ ಕುಳಿತೇ ಬಿಟ್ಟರು.

“ಜಾಗ ಬದಲಾಯಿಸ್ಕೊಳ್ಳೋಣ್ವಾ?” ಎಂದೆ.

“ಮುಳುಗೋದಾದ್ರೆ ನೀವಿಬ್ರೇ ಮುಳುಗಿ, ನಾವು ಆರಾಮಾಗಿದೀವಿ,” ಎಂದಳು ವಿಮಲಾ.

ಮಾರ್ಗದರ್ಶಿ ಕ್ಲೇರ್ ಎಂಬ ತರುಣಿ ತನ್ನ ದೋಣಿಯಲ್ಲಿ ಮುಂದೆ ಹೋಗುವಳು, ನಾವು ಹಿಂಬಾಲಿಸಬೇಕು. ದೋಣಿ ತಿರುಗಿಸುವ ಹಿಂಬದಿಯ ಆಸನವನ್ನು, ಆ ಕುರಿತು ಎರಡು ಪುಸ್ತಕ ಓದಿದ್ದ ಅರ್ಹತೆಯಿಂದ, ನಾನು ಆಕ್ರಮಿಸಿದೆ. ಉಪಾಧ್ಯರು ಮುಂದೆ ಕುಳಿತರು. ಎರಡು ದಿನ ನನಗೆ ಕಂಡದ್ದು ಇಕ್ಕೆಲದಲ್ಲಿ ಸೂಜಿಯೆಲೆಯ ಕಪ್ಪು ಮರಗಳ ಅನಂತ ಸಾಲು, ಬೂದಿಬಣ್ಣದ ನೀರು, ಮತ್ತು ಅವೆರಡಕ್ಕಿಂತಲೂ ಮೌನವಾಗಿದ್ದ ಒಂದು ಬೆನ್ನು.

ಮೂರನೆಯ ದಿನ ನದಿ ಒಂದು ಜಲ್ಲಿಕಲ್ಲಿನ ದಿಬ್ಬದ ಬಳಿ ಎರಡಾಗಿ ಕವಲೊಡೆಯಿತು. ಉಳಿದೆರಡು ದೋಣಿಗಳೂ ಎಡಗಡೆಯ ಕವಲಿಗೆ ಇಳಿದು ತಿರುವಿನಲ್ಲಿ ಮರೆಯಾದವು. ನಮ್ಮದು ನೇರವಾಗಿ ದಿಬ್ಬದತ್ತ ಧಾವಿಸುತ್ತಿತ್ತು. ನಾನು ಮೌನವ್ರತ ಮುರಿದು ಕೂಗಿದೆ:

“ಎಡಕ್ಕೆ ಹಾಕಿ! ಎಡಕ್ಕೆ ಹಾಕಿ!”

ಉಪಾಧ್ಯರು ಹುಟ್ಟನ್ನು ಎಡಗಡೆ ನೀರಿಗೆ ಹಾಕಿ ಬಲವಾಗಿ ಎಳೆದರು. ಎಡಗಡೆ ಮೀಟಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಎರಡೂ ಪುಸ್ತಕಗಳಲ್ಲಿ ಚಿತ್ರಸಮೇತ ಇದ್ದ ವಿಷಯ. ದೋಣಿ ದಿಬ್ಬಕ್ಕೆ ಅಡ್ಡವಾಗಿ ಬಡಿದು ಮಗುಚಿತು. ನಾವಿಬ್ಬರೂ ಮೊಣಕಾಲುದ್ದದ ಹಿಮಶೀತಲ ಜಲದಲ್ಲಿ ಪದ್ಮಾಸನಸ್ಥರಾದೆವು.

“ನಾನು ದೋಣೀನ ಎಡಕ್ಕೆ ಅಂದೆ ರೀ!”

“ಎಂಥ ಮಾರಾಯ್ರೆ! ಎಡಕ್ಕೆ ಹಾಕಿ ಅಂದ್ರಿ, ಎಡಕ್ಕೆ ಹಾಕಿದೆ. ಅಕ್ಷರ ಬಿಡದೆ ನೀವು ಹೇಳಿದ್ದೇ ಮಾಡಿದ್ದು!”

ಎರಡು ವರ್ಷಗಳಲ್ಲಿ ಅವರು ನನಗೆ ಹೇಳಿದ ಮೊದಲ ವಾಕ್ಯವದು; ಅದರಲ್ಲಿ ವ್ಯಾಕರಣದೋಷವಾಗಲಿ ತರ್ಕದೋಷವಾಗಲಿ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಬೆನ್ನೂ ಕುಲುಕಿತು.

ದೋಣಿಯನ್ನು ದಿಬ್ಬದ ಮೇಲೆಳೆದು, ನೀರು ಹೊಗದ ಚೀಲದಲ್ಲಿದ್ದ ಒಣ ಅಂಗಿ ತೊಟ್ಟು, ಕ್ಲೇರ್ ಹಿಂದಿರುಗಲೆಂದು ಕಾದೆವು. ಆಗ ಉಪಾಧ್ಯರು, ಕಾಲುಚೀಲ ಹಿಂಡುತ್ತ, ನನ್ನತ್ತ ನೋಡದೆ ಹೇಳಿದರು:

“ನಿಮ್ಮ ಲೆಕ್ಕ ಸರಿಯೇ ಇತ್ತು. ನನಗೆ ಮೊದಲೇ ಗೊತ್ತಿತ್ತು. ಶಾಲೆಗೆ ಸೇರಿಸ್ಲಿಕ್ಕೆ ಅಪ್ಪನ ವಯಸ್ಸು ಎರಡು ವರ್ಷ ಹೆಚ್ಚು ಬರೆಸಿದ್ದಂತೆ. ಆದ್ರೆ ಎರಡು ವರ್ಷ ಕಾಯ್ಲಿಕ್ಕೆ ಅಮ್ಮನ ಹತ್ರ ಸಮಯ ಇರ್ಲಿಲ್ಲ. ಡಾಕ್ಟ್ರು ಹೇಳಿದ್ರು. ಅವಳಿಗೆ ಶತಾಬ್ದಿ ನೋಡ್ಬೇಕಿತ್ತು.”

ಅವರ ತಾಯಿ ಅಂದು ಗಾಲಿಕುರ್ಚಿಯಲ್ಲಿ ಮೊದಲ ಸಾಲಿನಲ್ಲಿದ್ದರು. ಆರು ತಿಂಗಳಲ್ಲಿ ತೀರಿಕೊಂಡರು. ಆಗಲೂ ನಾನು ಹೋಗಿರಲಿಲ್ಲ. ಪಂಚಾಂಗಗಳನ್ನೆಲ್ಲ ತಿರುವಿಹಾಕಿದವನು ಆ ಮೊದಲ ಸಾಲನ್ನು ನೋಡಿರಲಿಲ್ಲ.

“ತಪ್ಪಾಯ್ತು ಉಪಾಧ್ಯರೆ,” ಎಂದೆ. ಆಮೇಲೆ, “ಅಮ್ಮ ಕೇಳಿಸ್ಕೊಂಡ್ರಾ?” ಎಂದು ಕೇಳಿದೆ.

“ಅವಳಿಗೆ ಕಿವಿ ಎಲ್ಲಿ? ನೀವು ಎಂತ ಹೇಳಿದ್ದು ಅಂತ ಕೇಳಿದ್ಳು. ಅಪ್ಪ ನಾವು ಎಣಿಸಿದ್ದಕ್ಕಿಂತ ಎರಡು ವರ್ಷ ಸಣ್ಣವರಂತೆ ಅಂದೆ. ಸೆರಗು ಬಾಯಿಗಿಟ್ಕೊಂಡು ಎಷ್ಟು ನಾಚಿಕೊಂಡ್ಳು ಗೊತ್ತುಂಟಾ! ಸಾಯುವವರೆಗೂ ‘ಆ ಪಂಚಾಂಗದ ಮಾಷ್ಟ್ರು ಬರ್ಲಿಲ್ವಾ’ ಅಂತ ಕೇಳ್ತಿದ್ಳು.”

ನನ್ನ ಪಾಂಡಿತ್ಯಕ್ಕೆ ಈವರೆಗೆ ಸಂದ ಗೌರವಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಅದನ್ನು ಪಡೆಯಲು ಹೋಗಬೇಕಾದ ಮನೆಗೆ ನಾನು ಹೋಗಿರಲಿಲ್ಲ. ಆದರೂ ಈ ಸುದ್ದಿಯನ್ನು ಎರಡು ವರ್ಷ ಕೆಡದಂತೆ ಇಟ್ಟುಕೊಂಡು ನನಗೆ ತಲುಪಿಸಿದ ಸ್ನೇಹಿತರಿಗೆ, ಇಬ್ಬರು ಮಾಯಾವಿನಿಯರಿಗೆ, ನಮ್ಮನ್ನು ಕೊಲ್ಲದೆ ಬರಿದೇ ನೆನೆಸಿದ ಆ ನದಿಗೆ ನಾನು ಕೃತಜ್ಞ.

ಕ್ಲೇರ್ ಬಂದಳು. ಈ ಸಲ ನಾನೇ ಮುಂದಿನ ಆಸನದಲ್ಲಿ ಕುಳಿತೆ. ಅಲ್ಲಿಂದ ಹಿಂದಿರುವವರು ಕಾಣುವುದಿಲ್ಲ, ಧ್ವನಿಯನ್ನಷ್ಟೇ ನಂಬಬೇಕು. ನಡುನೀರಿಗೆ ಬರುತ್ತಿದ್ದಂತೆ ಬೆನ್ನ ಹಿಂದಿನಿಂದ ಕೇಳಿತು: “ಎಡಕ್ಕೆ ಹಾಕಿ ಮಾರಾಯ್ರೆ!”

ಯಾವ ಅರ್ಥದಲ್ಲಿ ಎಂದು ನಾನು ಕೇಳಲಿಲ್ಲ. ಹಾಕಿದೆ.