ಹಮೀದಾಕನ ಬೆರಳು

ಇವತ್ತು ಬೆಳಿಗ್ಗೆ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ಫ್ಲ್ಯಾಟಿನ ಎಸಿ ಬಿಚ್ಚಲು ಹೋಗಿದ್ದೆ. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ತುಪ್ಪದಲ್ಲಿ ಈರುಳ್ಳಿ ಕೆಂಪಾಗುವ ವಾಸನೆ ಮುಖಕ್ಕೆ ಹೊಡೆಯಿತು. ಯಾರ ಮನೆಯದ್ದೋ ಗೊತ್ತಿಲ್ಲ. ನಾನು ಅಲ್ಲೇ ನಿಂತು ಒಬ್ಬನೇ ನಗಲು ಶುರು ಮಾಡಿದೆ. ಮಗುವಿನ ಕೈ ಹಿಡಿದುಕೊಂಡು ಲಿಫ್ಟಿಗೆ ಕಾಯುತ್ತಿದ್ದ ಹೆಂಗಸು ಮೆಲ್ಲ ದೂರ ಸರಿದರು. ಅವರದ್ದು ತಪ್ಪಲ್ಲ. ಸ್ಕ್ರೂಡ್ರೈವರ್ ಹಿಡಿದುಕೊಂಡು ಒಬ್ಬನೇ ನಗುವವನ ಪಕ್ಕ ನೀವಾದರೂ ನಿಲ್ಲುತ್ತೀರಾ?

ನಗು ಬಂದದ್ದು ಹಮೀದಾಕನ ನೆನಪಾಗಿ. ನಮ್ಮ ಕರಾವಳಿಯ ಮುಸ್ಲಿಮರು, ಬ್ಯಾರಿಗಳು, ಹಿರಿಯರ ಹೆಸರಿಗೆ ‘ಆಕ’ ಸೇರಿಸಿದರೆ ಅಣ್ಣ ಎಂದ ಹಾಗೆ. ವಯಸ್ಸಿನಲ್ಲಿ ಅವರು ನನ್ನ ಅಪ್ಪನಷ್ಟು ದೊಡ್ಡವರು. ನಾನು ಈ ದೇಶಕ್ಕೆ ಹೊಸದಾಗಿ ಬಂದಾಗ ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿ, ಅವರ ರೂಮಿನಲ್ಲಿ ನನಗೊಂದು ಬೆಡ್ ಸಿಕ್ಕಿತು. ರೂಮಿನಲ್ಲಿ ಮೂವರು: ಬಟ್ಟೆ ಅಂಗಡಿಯ ಹಮೀದಾಕ, ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ಶಿರ್ವದ ವಿಕ್ಟರ್, ಮತ್ತೆ ನಾನು. ಅಡುಗೆ ಹಮೀದಾಕನದ್ದು. ಪಾತ್ರೆ ನನ್ನದು. ವಿಕ್ಟರನದ್ದು ಕಾಮೆಂಟರಿ.

ಊಟ ಒಂದೇ ಹರಿವಾಣದಲ್ಲಿ. ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದು, ಅಷ್ಟು ದೊಡ್ಡ ಸ್ಟೀಲಿನ ಹರಿವಾಣ. ಅನ್ನ ಸುರಿದು ಸುತ್ತ ಕೂರುವುದು, ಅವರವರ ಬದಿಯಿಂದ ತಿನ್ನುವುದು. ಒಂದೇ ನಿಯಮ: ಎಲ್ಲರ ಕೈ ಹರಿವಾಣಕ್ಕೆ ಬರುವವರೆಗೆ ಯಾರೂ ಬಾಯಿಗೆ ಇಡಬಾರದು. ಒಬ್ಬ ಫೋನಿನಲ್ಲಿದ್ದರೆ ಉಳಿದಿಬ್ಬರು ಅನ್ನ ನೋಡುತ್ತಾ ಕೂರಬೇಕು. ಹಸಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಆ ರೂಮಿಗೆ ಬಂದ ಮೇಲೆ ಊರಿಗೆ ಮಾಡುವ ಫೋನನ್ನೇ ಗಿಡ್ಡ ಮಾಡಿದೆ. ಅಮ್ಮ ಬೇಸರ ಮಾಡಿಕೊಂಡಳು.

ಈ ಹರಿವಾಣಕ್ಕೆ ತೂಕದ ಮೆಷಿನ್ ಹಿಡಿದುಕೊಂಡು ಬಂದವರು ಪ್ರಕಾಶ್ ಸರ್. ಧಾರವಾಡ ಕಡೆಯವರು, ಕಡ್ಡಿಯ ಹಾಗೆ ತೆಳ್ಳಗೆ. ಒಂದು ಯೂನಿವರ್ಸಿಟಿಯ ಪರವಾಗಿ ರೂಮು ರೂಮಿಗೆ ಹೋಗಿ, ನಮ್ಮ ದೇಶದವರು, ಪಾಕಿಸ್ತಾನದವರು, ಬಾಂಗ್ಲಾದವರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ನಮ್ಮವರಿಗೆ ಇಷ್ಟು ಬೇಗ ಶುಗರ್ ಯಾಕೆ ಬರುತ್ತದೆ ಎಂದು ನೋಡುವುದು ಅವರ ಕೆಲಸ. ಊಟ ತೂಗುತ್ತಾರೆ, ಒಪ್ಪಿದವರ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುತ್ತಾರೆ. ಅಷ್ಟೇ. ಅವರನ್ನು ಕರೆದುಕೊಂಡು ಬಂದವನು ನಾನು. ಅದಕ್ಕೆ ಕಾರಣ ಇತ್ತು.

ಹಮೀದಾಕನ ಎಡಗಾಲಿನ ಹೆಬ್ಬೆರಳಿನಲ್ಲಿ ಒಂದು ಗಾಯ. ಹೊಸ ಚಪ್ಪಲಿ ಕಚ್ಚಿ ಆದದ್ದು. ಚಪ್ಪಲಿ ಹಳತಾಯಿತು, ಗಾಯ ಹಳತಾಗಲಿಲ್ಲ. ಯಾವಾಗ ನೋಡಿದರೂ ನೀರು ಕುಡಿಯುತ್ತಿದ್ದರು, ಎರಡು ಮೆಟ್ಟಿಲು ಹತ್ತಿದರೆ ಕೂರುತ್ತಿದ್ದರು. ಇದು ಏನು ಎಂದು ಹೇಳಲು ಡಾಕ್ಟರ್ ಆಗಬೇಕಾಗಿಲ್ಲ. ಆದರೆ ಆಸ್ಪತ್ರೆ ಎಂದರೆ ಸಾಕು, ಅವರಿಗೆ ತುರ್ತಾಗಿ ಕೊತ್ತಂಬರಿ ಸೊಪ್ಪು ತರಲಿಕ್ಕೆ ಇರುತ್ತಿತ್ತು.

“ನನ್ನ ಅಣ್ಣನನ್ನು ನೋಡಿಲ್ವಾ ನೀನು?” ಎಂದು ಒಮ್ಮೆ ಹೇಳಿದ್ದರು. ನನ್ನನ್ನು ಅವರು ಕರೆಯುವುದು ಮೋನೆ, ಅಂದರೆ ಮಗನೇ, ಎಂದು. “ಶುಗರ್ ಉಂಟು ಅಂತ ಗೊತ್ತಾದ ಮೇಲೆ ಮದುವೆ ಮನೆಯಲ್ಲಿ ಅವನ ಎದುರಿಂದಲೇ ಬಿರಿಯಾನಿ ತಟ್ಟೆ ಎತ್ತಿಕೊಂಡು ಹೋಗ್ತಾರೆ ಮೋನೆ. ಸಣ್ಣ ಸಣ್ಣ ಮಕ್ಕಳು ಸಹ!”

ಕೋಳಿಯನ್ನು ಕಣ್ಣು ಮಿಟುಕಿಸದೆ ತುಂಡು ಮಾಡುವ ಮನುಷ್ಯ, ತನ್ನ ಒಂದು ಹನಿ ರಕ್ತಕ್ಕೆ ಹೀಗೆ ಓಡುತ್ತಿದ್ದರು. ಅವರು ಆಸ್ಪತ್ರೆಗೆ ಹೋಗದಿದ್ದರೆ ಸೂಜಿಯೇ ಮನೆಗೆ ಬರಲಿ ಎಂದು ನಾನು ಲೆಕ್ಕ ಹಾಕಿದೆ. ಭಾರಿ ಬುದ್ಧಿವಂತ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನನಗೆ ಮರೆತದ್ದು ಒಂದೇ. ಮನೆಗೆ ಬರುವವರು ನೆಂಟರು.

ನಮ್ಮ ನಿಜವಾದ ಊಟ ನಿಮಗೆ ಹೇಳುತ್ತೇನೆ. ವಾರವಿಡೀ ಅಂಗಡಿಯ ಅಗ್ಗದ ಕುಬ್ಬೂಸ್ ರೊಟ್ಟಿ, ದಾಲ್. ಇಲ್ಲದಿದ್ದರೆ ಗುಡ್ಡೆಯಷ್ಟು ಅನ್ನ, ಹೆಸರಿಗೆ ಒಂದು ಮೀನು. ನಡುನಡುವೆ ಹಾಲಿಲ್ಲದ ಸುಲೈಮಾನಿ ಚಾ. ಅದರಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ಪ್ರಕಾಶ್ ಸರ್ ನೋಡಬೇಕಾದದ್ದು ಇದನ್ನು. ಅವರು ಮೊದಲ ಸಲ ಬಂದಾಗ ನೋಡಿದ್ದು ತುಪ್ಪದ ಅನ್ನ, ಕೋಳಿ ಸುಕ್ಕ, ಹುರಿದ ಸಿಗಡಿ, ಕ್ಯಾರೆಟ್ ಹಲ್ವ.

ಸರ್ ಕಣ್ಣು ದೊಡ್ಡದು ಮಾಡಿದರು. “ಅಲ್ರೀ, ಇದು ನೀವು ದಿನಾ ತಿನ್ನೂ ಊಟ ಏನ್ರೀ?”

“ದಿನಾ,” ಎಂದರು ಹಮೀದಾಕ, ಒಂದು ಚೂರೂ ನಾಚಿಕೆ ಇಲ್ಲದೆ. “ಕೂತುಕೊಳ್ಳಿ ಮಾಷ್ಟ್ರೇ. ಬರೆಯುವುದು ಮತ್ತೆ.”

“ಸರ್, ಇವರ ಮಾತು ನಂಬಬೇಡಿ,” ಎಂದ ವಿಕ್ಟರ್. “ನಿನ್ನೆ ನಾವು ತಿಂದದ್ದು ದಾಲ್. ಅದರಲ್ಲಿ ಬೇಳೆ ಹುಡುಕಲಿಕ್ಕೆ ನನಗೆ ಕನ್ನಡಕ ಬೇಕಾಯಿತು.”

ಸರ್ ತೂಗಲು ನೋಡಿದರು. ಯಾರದ್ದು ಎಷ್ಟು ಎಂದು ಬೇರೆ ಬೇರೆ ಗೊತ್ತಾಗಬೇಕಂತೆ. ಹರಿವಾಣದಲ್ಲಿ ಬೇರೆ ಬೇರೆ ಎಲ್ಲಿಂದ ಬರುತ್ತದೆ? ಹಮೀದಾಕ ಒಂದು ಕಾಲು ತುಂಡನ್ನು ನನ್ನ ಬದಿಗೆ ದೂಡಿದರು, ನಾನು ವಿಕ್ಟರನ ಬದಿಗೆ ದೂಡಿದೆ, ಅವನು ಸರ್ ಬದಿಗೆ ದೂಡಿದ. ಸರ್ ಪೆನ್ನು ಹಿಡಿದುಕೊಂಡು, “ಈ ತುಂಡು ಯಾರ ಲೆಕ್ಕಕ್ಕ ಹಾಕ್ಲಿ ಈಗ?” ಎಂದು ಗೋಗರೆದರು.

“ನೀವು ತಿಂದರೆ ಲೆಕ್ಕ ಖಲಾಸ್ ಮಾಷ್ಟ್ರೇ,” ಎಂದರು ಹಮೀದಾಕ. ಸರ್ ಒಂದು ಕ್ಷಣ ಯೋಚಿಸಿ ತಿಂದರು. ಅವರೂ ಹೋಟೆಲ್ ಊಟದವರೇ ತಾನೇ.

ಊಟ ಮುಗಿದು ಬೆರಳು ಚುಚ್ಚುವ ಹೊತ್ತಿಗೆ ಹಮೀದಾಕ ನಮಾಜಿಗೆ ಹೋಗಿಯಾಗಿತ್ತು. ಎರಡನೇ ಸಲವೂ ಇದೇ ಕತೆ, ಆದರೆ ಹಲ್ವದ ಬದಲು ಪಾಯಸ. ಸರ್ ಉಪಾಯ ಮಾಡಿ ಒಮ್ಮೆ ಹೇಳದೆ ಕೇಳದೆ ಬಂದರು. ಕೆಳಗಿನ ಗ್ರೋಸರಿಯ ಮಲಯಾಳಿ, “ನಿಮ್ಮ ತೂಕದ ಸಾರ್ ಲಿಫ್ಟ್ ಹತ್ತಿದ್ದಾರೆ” ಎಂದು ಫೋನ್ ಮಾಡಿಬಿಟ್ಟ. ಸರ್ ಮೇಲೆ ಬಂದು ಬೆಲ್ ಒತ್ತುವಾಗ ಒಲೆಯ ಮೇಲೆ ತುಪ್ಪ ಕಾಯುತ್ತಿತ್ತು.

“ನಾ ಬಂದಾಗೆಲ್ಲ ಹಬ್ಬ ಮಾಡಿದ್ರ, ಹಬ್ಬ ಇಲ್ಲದ ದಿನಾ ನಾ ಹೆಂಗ ನೋಡ್ಲಿ, ಯಪ್ಪಾ?” ಎಂದು ಸರ್ ಬಾಗಿಲಲ್ಲೇ ತಲೆಗೆ ಕೈ ಹಚ್ಚಿದರು.

“ಮನೆಗೆ ಬಂದವರಿಗೆ ಕುಬ್ಬೂಸ್ ಕೊಟ್ಟರೆ ನಾಳೆ ನಾನು ಮುಖ ಎಲ್ಲಿ ಇಡುವುದು? ಬನ್ನಿ, ಒಳಗೆ ಬನ್ನಿ.”

ಹೀಗೆ ಹೇಳಿ ಅಡುಗೆ ಕೋಣೆಗೆ ತಿರುಗಿದರು. ಆಗ ಅವರ ಹೆಜ್ಜೆ ನೋಡಿದೆ. ಎಡಗಾಲಿನ ಹಿಮ್ಮಡಿಯ ಮೇಲೆ ಮಾತ್ರ ಭಾರ ಹಾಕಿ ಕುಂಟುತ್ತಿದ್ದರು. ಬೆರಳಿಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ನನ್ನ ನಗು ಅಲ್ಲಿಗೆ ನಿಂತಿತು. ಈ ಮನುಷ್ಯ ನಮಗೆಲ್ಲ ತಿನ್ನಿಸುತ್ತಾ ತಿನ್ನಿಸುತ್ತಾ ಒಂದು ಕಾಲು ಕಳೆದುಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ಕೂತು ಎಲುಬು ಚೀಪುತ್ತಾ ಇರುತ್ತೇನೆ ಅನಿಸಿತು.

ಹರಿವಾಣ ಬಂತು. ಹಬೆ ಏಳುತ್ತಿತ್ತು, ಮೇಲೆ ಕೆಂಪು ಈರುಳ್ಳಿ, ದ್ರಾಕ್ಷಿ, ಗೋಡಂಬಿ, ಬದಿಯಲ್ಲಿ ಕೋಳಿ, ಸಿಗಡಿ. ಹಮೀದಾಕ ಕೈ ಇಟ್ಟರು. ವಿಕ್ಟರ್ ಇಟ್ಟ. ಸರ್ ಇಟ್ಟರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ಎಂತ ಮೋನೆ? ಕೈ ತೊಳೆದಿಲ್ವಾ?”

“ತೊಳೆದಿದ್ದೇನೆ. ನೀವು ಬೆರಳು ಕೊಡುವವರೆಗೆ ನನ್ನ ಕೈ ಬರುವುದಿಲ್ಲ.”

“ಮತ್ತೆ ಕೊಡುವ. ಈಗ ಬಿಸಿ ಉಂಟು, ತಿನ್ನು.”

“ಮತ್ತೆ ಇಲ್ಲ. ಈಗ.”

ಅನ್ನ ತಣ್ಣಗಾಗುವುದು ಹಮೀದಾಕನಿಗೆ ಸಹಿಸಲಾಗದ ವಿಷಯ. ವಿಕ್ಟರನ ಮುಖ ನೋಡಿದರು. ವಿಕ್ಟರ್ ಭಾರಿ ದುಃಖದಿಂದ ಸಿಗಡಿಯನ್ನೊಮ್ಮೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. “ಸಾರಿ ಹಮೀದಾಕ. ನಿಮ್ಮದೇ ರೂಲ್ಸ್.” ಸರ್ ಕೂಡ ಎಳೆದುಕೊಂಡರು. ಆದರೆ ಒಂದು ಗೋಡಂಬಿ ಎತ್ತಿಕೊಂಡೇ ಎಳೆದದ್ದು, ನಾನು ನೋಡಿದೆ.

ಹರಿವಾಣದಲ್ಲಿ ಹಮೀದಾಕನ ಕೈ ಒಂದೇ ಉಳಿಯಿತು.

“ಎಲ್ಲರೂ ಸೇರಿ ನನ್ನನ್ನು ಉಪವಾಸ ಕೆಡವುತ್ತೀರಲ್ಲ,” ಎಂದರು. ಸ್ವರ ಸಣ್ಣದಾಗಿತ್ತು. “ಆಯ್ತು. ಆದರೆ ಮೊದಲು ನೀವು ಮೂವರೂ ಚುಚ್ಚಿಸಿಕೊಳ್ಳಬೇಕು. ಮಾಷ್ಟ್ರು ಸಹ.”

ನನಗೆ ಇರುವೆ ಕಚ್ಚಿದಷ್ಟೂ ಆಗಲಿಲ್ಲ. ವಿಕ್ಟರ್ ಸಿಲುಬೆ ಗುರುತು ಮಾಡಿಕೊಂಡು ಬೆರಳು ಕೊಟ್ಟ. ಪ್ರಕಾಶ್ ಸರ್, ಊರೆಲ್ಲ ತಿರುಗಿ ಜನರಿಗೆ ಚುಚ್ಚುವ ಪ್ರಕಾಶ್ ಸರ್, “ಯವ್ವಾ!” ಎಂದು ಕಿರುಚಿದ್ದಕ್ಕೆ ಪಕ್ಕದ ರೂಮಿನವರು ಗೋಡೆ ಬಡಿದರು. ಹಮೀದಾಕ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಅವರ ಕೈ ಹಿಡಿದೆ. ನಗುತ್ತಲೇ ಮುಖ ಆಚೆ ತಿರುಗಿಸಿದರು. ಸರ್ ಚುಚ್ಚಿದರು.

ಮೆಷಿನ್ ನೋಡಿ ಸರ್ ನಗು ನಿಲ್ಲಿಸಿದರು. “ಭಾಳ ಐತ್ರಿ ಕಾಕಾ. ಗಾಬರಿ ಆಗಬ್ಯಾಡ್ರಿ. ನಾಳೆ ಬೆಳಿಗ್ಗೆನ ಕ್ಲಿನಿಕ್ಕಿಗೆ ಹೋಗೂಣು. ಕಾಲೂ ತೋರಸೂಣು. ನಾನೂ ಬರ್ತೀನಿ.”

ಮತ್ತೆ ಹಮೀದಾಕ ಹರಿವಾಣವನ್ನೊಮ್ಮೆ, ಸರ್ ಅವರನ್ನೊಮ್ಮೆ ನೋಡಿ ಕೇಳಿದರು, “ಇವತ್ತಿನದ್ದು?”

“ಕೋಳಿ ತಿನ್ರಿ. ಅನ್ನ ಒಂದು ಮುಷ್ಟಿ, ಅಷ್ಟ.”

“ಯಾರ ಮುಷ್ಟಿ?”

ಹಮೀದಾಕನ ಮುಷ್ಟಿ ಎಂದರೆ ಸುಲಿದ ತೆಂಗಿನಕಾಯಿ. ಅವರು ಅದನ್ನು ಎತ್ತಿ ತೋರಿಸಿದರು. ಸರ್ ತಮ್ಮ ಸಣ್ಣ ಮುಷ್ಟಿ ತೋರಿಸಿದರು. ಕೊನೆಗೆ ವಿಕ್ಟರನ ಮುಷ್ಟಿಗೆ ರಾಜಿ ಆಯಿತು. ಅಷ್ಟು ನಕ್ಕು ನಾವು ಯಾವತ್ತೂ ಉಂಡಿರಲಿಲ್ಲ.

ಮರುದಿನ ಕ್ಲಿನಿಕ್ಕಿನ ಡಾಕ್ಟರ್ ಗಾಯ ತೊಳೆದು, ಇನ್ನು ಸ್ವಲ್ಪ ತಡ ಮಾಡಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದರು. ಗುಳಿಗೆ, ಡ್ರೆಸ್ಸಿಂಗ್, ಪಥ್ಯ. ಪಥ್ಯ ಅವರಿಗೆ ಬರೆದದ್ದು, ಅನುಭವಿಸಿದವರು ನಾವು. ಹುರುಳಿ ಸಾರು, ಸೌತೆಕಾಯಿ, ಸಪ್ಪೆ ಸುಲೈಮಾನಿ. “ಶುಗರ್ ಇಲ್ಲದಿದ್ದರೂ ಶುಗರಿನ ಕಷ್ಟ ನಮಗೆ ಉಂಟು” ಎಂದು ವಿಕ್ಟರ್ ಅಳುತ್ತಿದ್ದ. ಪ್ರಕಾಶ್ ಸರ್ ಅವರ ಸಂಶೋಧನೆಯಲ್ಲಿ ನಮ್ಮ ರೂಮಿನ ಊಟ ಸೇರಲೇ ಇಲ್ಲ. ದಿನಾ ಸಿಗಡಿ ಹುರಿದು ತಿನ್ನುವ ಬ್ಯಾಚುಲರ್ ರೂಮು ಇದೆ ಎಂದರೆ ಯಾರೂ ನಂಬುವುದಿಲ್ಲವಂತೆ. ಆದರೂ ರಜೆ ಸಿಕ್ಕಾಗ ಬರುತ್ತಿದ್ದರು, ತೂಕದ ಮೆಷಿನ್ ಇಲ್ಲದೆ.

ಆಮೇಲೆ ನನಗೆ ದುಬೈಗೆ ಟ್ರಾನ್ಸ್‌ಫರ್ ಆಯಿತು. ಇಲ್ಲಿ ಒಬ್ಬನೇ ತಿನ್ನುತ್ತೇನೆ, ಹೆಚ್ಚಾಗಿ ವ್ಯಾನಿನಲ್ಲಿ ಕೂತು, ಹೆಚ್ಚಾಗಿ ಎಣ್ಣೆಯಲ್ಲಿ ಕರಿದದ್ದು.

ಎಸಿ ಕೆಲಸ ಮುಗಿಸಿ ಪಾರ್ಕಿಂಗಿಗೆ ಬಂದು, ವ್ಯಾನಿನಲ್ಲಿ ಕೂತು ಹಮೀದಾಕನಿಗೆ ವಿಡಿಯೋ ಕಾಲ್ ಮಾಡಿದೆ. ಅಂಗಡಿ ತೆರೆಯುವ ಮೊದಲು ಅವರು ಸಮುದ್ರದ ಬದಿಯಲ್ಲಿ ನಡೆಯುತ್ತಾರೆ. ಫೋನಿನಲ್ಲಿ ಮುಖ ಕಾಣಲಿಲ್ಲ, ಆಕಾಶ ಕುಣಿಯುತ್ತಿತ್ತು.

“ಹಮೀದಾಕ, ನಿಲ್ಲಿ ಮಾರಾಯ್ರೆ! ಕಾಲು ಹೇಗುಂಟು?”

ಫೋನು ಕೆಳಗೆ ತಿರುಗಿತು. ಗಿಳಿ ಹಸಿರು ಬಣ್ಣದ ಶೂಗಳು ದಡಬಡ ಓಡುತ್ತಿದ್ದವು.

“ನೋಡು, ಎರಡೂ ಉಂಟು! ನಿನ್ನ ಹೊಟ್ಟೆ ತೋರಿಸು ಈಗ.”

ನಾನು ಫೋನನ್ನು ಗಲ್ಲದವರೆಗೆ ಎತ್ತಿದೆ.

“ಮೇಲೆ ಅಲ್ಲ, ಕೆಳಗೆ!” ಇಳಿಸಿದೆ. “ಸ್ಟೇರಿಂಗಿಗೆ ತಾಗ್ತಾ ಉಂಟಲ್ಲ ಹೊಟ್ಟೆ. ಈ ಭಾನುವಾರ ಬಾ. ಖಾಲಿ ಹೊಟ್ಟೆಯಲ್ಲೇ ಬರಬೇಕು.”

ನನ್ನ ಬಾಯಲ್ಲಿ ನೀರೂರಿತು. “ತುಪ್ಪದ ಅನ್ನವಾ?”

“ಅಲ್ಲ ಮೋನೆ. ನನ್ನ ಹತ್ತಿರ ಈಗ ಸ್ವಂತ ಮೆಷಿನ್ ಉಂಟು. ಮೊದಲು ಬೆರಳು. ಅನ್ನ ಮತ್ತೆ ನೋಡುವ.”